ಅಡ್ಡಿ ಇದ್ದವರು ಈಗಲೇ ಹೇಳಲಿ

ಇರುಳಿಡೀ ಸುರಿದು ದಣಿದ ಮಳೆ ಮುಂಜಾನೆಗೆ ಸದ್ದಿಲ್ಲದೆ ಹಿಂದೆ ಸರಿದಿತ್ತು. ತೊಳೆದು ಬೋರಲಿಟ್ಟ ಪಾತ್ರೆಯಂತೆ ಹೊಳೆಯುತ್ತಿದ್ದ ಆಕಾಶದ ಅಂಚಿನಿಂದ ಅರುಣಕಿರಣಗಳು ಒಂದೊಂದಾಗಿ ಇಳಿದು, ಹೆಂಚುಗಳ ಮೇಲೆ, ತಂತಿಗಳಲ್ಲಿ ತೂಗುತ್ತಿದ್ದ ಹನಿಗಳ ಮೇಲೆ, ಇನ್ನೂ ತೆರೆಯದ ಅಂಗಡಿಗಳ ಕದಗಳ ಮೇಲೆ ಹೊನ್ನಿನ ಲೇಪ ಬಳಿಯುತ್ತಿದ್ದವು. ಭಾನುವಾರ! ವಾರವಿಡೀ ಗಾಲಿಗಳ ಗಡಗಡಕ್ಕೆ ಬೇಸತ್ತಿದ್ದ ಬೀದಿ ಅಂದು ಮಾತ್ರ ಘಂಟಾನಾದಕ್ಕೆ ಕಿವಿಗೊಟ್ಟು ಮೈಮರೆತಿತ್ತು. ಬೀದಿಯ ತುದಿಯಲ್ಲಿ ಕ್ರೈಸ್ತ ದೇವಾಲಯ. ಅದರ ಪೂರ್ವದ ಗೋಡೆಯಲ್ಲಿ ನೀಲ, ರಕ್ತ, ಪೀತವರ್ಣಗಳ ಎತ್ತರದ ಗಾಜಿನ ಕಿಟಕಿ. ಬಿಸಿಲು ಅದರೊಳಗಿಂದ ಹಾದುಬಂದು ಬೆಂಚುಗಳಲ್ಲಿ ಕುಳಿತವರ ಮುಖಗಳನ್ನು ಮುಟ್ಟುವಾಗ... ಆಹಾ, ಎಂಥ ಸಂತರು ಎಲ್ಲರೂ! ಸುಳ್ಳು ಹೇಳಿ ಬಂದವನ ಹಣೆಯ ಮೇಲೂ ಹೊಂಬಣ್ಣ, ಆ ಸುಳ್ಳಿಗೆ ತುತ್ತಾದವಳ ತಂಗಿಯ ಕೆನ್ನೆಯ ಮೇಲೂ ಅದೇ ಹೊಂಬಣ್ಣ. ಬೆಳಕಿಗೇನು, ಅದಕ್ಕೆ ಭೇದವಿಲ್ಲ. ಭೇದವೆಣಿಸಬೇಕಾದವರು ನಾವು, ಮತ್ತು ನಾವು ಎಣಿಸುವುದಿಲ್ಲ.

ಸಹೃದಯರೇ, ಪ್ರೇಮಕಥೆ ಹೇಳಲು ಕುಳಿತು ಮೊದಲಿಗೇ ಹೀಗೆ ಸಿಡುಕುವುದೇಕೆಂದು ನೀವು ಹುಬ್ಬೇರಿಸಬಹುದು. ಏನು ಮಾಡಲಿ! ಈ ಕಥೆಯನ್ನು ನೆನೆದಾಗಲೆಲ್ಲ ನನಗೆ ಮೊದಲು ಬರುವುದು ಕಣ್ಣೀರಲ್ಲ, ಕೋಪ. ದೇವರಿಗೆ ಮೆಚ್ಚುಗೆಯಾಗುವಂತೆ ಬದುಕುವುದೆಂದರೆ ದಿನದಿನದ ಕೂಲಿಕೆಲಸವೆಂದು ಅರಿಯದೆ, ಅದನ್ನು ಒಂದೇ ಒಂದು ಚೆಂದದ ಮಾತಿನಲ್ಲಿ ಮುಗಿಸಿ ಕೈತೊಳೆದುಕೊಳ್ಳಲು ಹೊರಡುವ ಒಳ್ಳೆಯವರ ಮೇಲಿನ ಕೋಪ. ಕೆಟ್ಟವರನ್ನಾದರೂ ಸಹಿಸಿಕೊಳ್ಳಬಹುದು, ಅವಸರದ ಒಳ್ಳೆಯವರನ್ನು ಸಹಿಸುವುದು ಬಲು ಕಷ್ಟ.

ನಮ್ಮ ಕಥೆಯ ಹುಡುಗಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸಕ್ಕಿದ್ದಳು. ಆಸ್ಪತ್ರೆಗಳ ಹಾಸುಬಟ್ಟೆ, ಹೋಟೆಲುಗಳ ಮೇಜುವಸ್ತ್ರ, ಎಲ್ಲ ಅಲ್ಲಿಗೇ ಬರುತ್ತಿದ್ದವು. ಕಾದ ಉರುಳೆಗಳ ನಡುವೆ ಒದ್ದೆ ಬಟ್ಟೆ ಒಳಹೋಗಿ, ಆಚೆಯಿಂದ ಸುಕ್ಕಿಲ್ಲದೆ, ಬಿಸಿಬಿಸಿಯಾಗಿ, ಬೆಳ್ಳಗೆ ಇಳಿದುಬರುತ್ತಿತ್ತು. ಹಗಲೆಲ್ಲ ಆವಿಯ ಮಬ್ಬಿನಲ್ಲಿ ನಿಂತು ಆ ಶುಭ್ರತೆಯನ್ನು ಮಡಚಿಡುವುದೇ ಅವಳ ಕಾಯಕ. ಒಳಗೆ ಸದಾ ಆವಿ, ಹೊರಗೆ ತಣ್ಣನೆಯ ಗಾಳಿ. ಕಿಟಕಿಯ ಗಾಜುಗಳು ಪದೇಪದೇ ಬಿರುಕು ಬಿಡುತ್ತಿದ್ದವು. ಅವನ್ನು ಬದಲಿಸಲು ಬಂದವನೇ ಗಾಜಿನವನು. ಬೀದಿಯಲ್ಲೆಲ್ಲ ಅವನಿಗೆ ಅದೇ ಹೆಸರು.

ಅವನು ಹೊರಗೆ ಏಣಿಯ ಮೇಲೆ ನಿಂತು ಹೊಸ ಗಾಜಿನ ಅಂಚಿಗೆ ಗಾಜು ಹಿಡಿಸುವ ಅಂಟನ್ನು ಒತ್ತುತ್ತಿದ್ದ. ಅವಳು ಒಳಗಿನಿಂದ ಮಬ್ಬು ಹಿಡಿದ ಗಾಜನ್ನು ಬಟ್ಟೆಯಿಂದ ಒರೆಸಿದಳು. ಆವಿ ಸರಿದ ಜಾಗದಲ್ಲಿ, ಗೇಣಗಲದ ಆ ಸ್ವಚ್ಛತೆಯಲ್ಲಿ, ಎರಡು ಮುಖಗಳು ಎದುರಾದವು... ಮತ್ತೆ ಮಬ್ಬು ಮುಸುಕಿತು, ಮತ್ತೆ ಒರೆಸಿದಳು. ಒರೆಸುವ ಅಗತ್ಯವಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು! ಆ ಕಿಟಕಿಗೆ ಗಾಜು ಕೂರಿಸಲು ಬೆಳಗಿನಿಂದ ಸಂಜೆಯವರೆಗೆ ಬೇಕಾಯಿತು ಎಂದರೆ, ಅವನ ಕಸುಬು ಬಲ್ಲವರು ಇಂದಿಗೂ ನಗುತ್ತಾರೆ.

ಸಾಧು ಮನುಷ್ಯ. ಬೆಳಗ್ಗೆ ಕಣ್ಣು ಬಿಟ್ಟೊಡನೆ, "ಸ್ವಾಮಿ, ಇವತ್ತು ನಿನಗೆ ಒಪ್ಪೋ ಹಾಗೆ ನಡೆಸು" ಎಂದು ಬೇಡಿಕೊಂಡೇ ನೆಲಕ್ಕೆ ಕಾಲಿಡುತ್ತಿದ್ದ. ಕತ್ತರಿಸಿ ಮಿಕ್ಕ ಗಾಜಿನ ತುಂಡನ್ನೂ ಕೇಳಿದವರಿಗೆ ಹಿಂದಿರುಗಿಸುವವನು. ಒಂದೇ ಕುಂದು: ಮನಸ್ತಾಪವೆಂದರೆ ಅವನಿಗೆ ಜ್ವರ ಬರುತ್ತಿತ್ತು. ಇಬ್ಬರು ದನಿಯೇರಿಸಿದರೆ ಸಾಕು, ಯಾರದು ಸರಿ ಎಂದು ಕೇಳುವ ಮೊದಲೇ ಇಬ್ಬರ ಕೈಯನ್ನೂ ಹಿಡಿದು ಸೇರಿಸಲು ಓಡುವನು. ಆ ಕುಂದನ್ನು ಅವನು ಸದ್ಗುಣವೆಂದೇ ನಂಬಿದ್ದ.

ಅವಳಿಗೊಬ್ಬ ಅಕ್ಕ. ತಾಯಿತಂದೆ ತೀರಿದ ಮೇಲೆ ತಂಗಿಯನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದವಳು. ಅದೇ ಲಾಂಡ್ರಿಯಲ್ಲಿ, ಅದೇ ಉರುಳೆಯ ಮುಂದೆ ದುಡಿದವಳು. ಉರುಳೆಯ ಬಾಯಿಗೆ ಒಂದು ತಡೆಕಂಬಿ ಇರುತ್ತದೆ; ಬೆರಳು ಹತ್ತಿರ ಹೋಗಿ ಅದಕ್ಕೆ ತಾಗಿದರೆ ಯಂತ್ರ ನಿಂತುಬಿಡುತ್ತದೆ. ಬೆರಳಿಗೆ ಮಾತ್ರವಲ್ಲ, ಬಟ್ಟೆಯ ದಪ್ಪ ಮಡಿಕೆಗೂ ನಿಲ್ಲುತ್ತದೆ. ಹಾಗೆ ಪದೇಪದೇ ನಿಂತು ಕೆಲಸ ತಡವಾಗುತ್ತದೆಂದು ಲಾಂಡ್ರಿಯ ಯಜಮಾನರು ಅದನ್ನು ಬಿಚ್ಚಿಸಿ ಮೂಲೆಗೆ ಹಾಕಿಸಿದರು. "ಬೇಡ ಯಜಮಾನ್ರೇ, ಅಪಾಯ" ಎಂದು ಅಕ್ಕ ಹೇಳಿದಳು, ಮತ್ತೆ ಮತ್ತೆ ಹೇಳಿದಳು. ಒಂದು ದಿನ ಆ ಕಾದ ಉರುಳೆಗಳು ಅವಳ ಬಲಗೈಯನ್ನು ಮಣಿಕಟ್ಟಿನವರೆಗೆ ಸೆಳೆದುಕೊಂಡವು...

ಇನ್ನು ಆ ಯಜಮಾನರ ಮಾತು. ಅವರು ಆ ದೇವಾಲಯದ ಸಭೆಯ ಹಿರಿಯರಲ್ಲೊಬ್ಬರು. ಪ್ರಾರ್ಥನೆಯ ಕೊನೆಗೆ ಮಾಡು ಹಾರಿಹೋಗುವಂತೆ ಆಮೆನ್ ಎನ್ನುತ್ತಿದ್ದರಾದ್ದರಿಂದ ಎಲ್ಲರೂ ಅವರನ್ನು ಆಮೆನ್ ಹಿರಿಯರೆಂದೇ ಕರೆಯುತ್ತಿದ್ದರು. ಅಕ್ಕ ಆಸ್ಪತ್ರೆಯಲ್ಲಿ ನರಳುತ್ತಿದ್ದ ಆ ಭಾನುವಾರ ಅವರು ಎದ್ದುನಿಂತು, ಕಣ್ಣು ಮುಚ್ಚಿ, ಗದ್ಗದ ಕಂಠದಿಂದ ಪ್ರಾರ್ಥಿಸಿದರು: "ತನ್ನ ಅಜಾಗರೂಕತೆಯಿಂದ ಆಪತ್ತು ತಂದುಕೊಂಡ ನಮ್ಮ ಸಹೋದರಿಯ ಪ್ರಾಣ ಉಳಿಸಿದ ಕರ್ತನೇ, ನಿನಗೆ ಸ್ತೋತ್ರ!" ಸ್ತೋತ್ರವಂತೆ! ಸುಳ್ಳನ್ನು ನೇರವಾಗಿ ಮನುಷ್ಯರಿಗೆ ಹೇಳಿದ್ದರೆ ಯಾರಾದರೂ ಅಲ್ಲವೆಂದಾರು. ದೇವರಿಗೆ ಹೇಳಿದರು, ಮನುಷ್ಯರ ಕಿವಿಗೆ ಬೀಳುವಂತೆ. ಪ್ರಾರ್ಥನೆಯ ನಡುವೆ ಎದ್ದು ತಡೆಯುವವರಾರು? ಇಡೀ ಸಭೆ ತಲೆ ತಗ್ಗಿಸಿ ಆಮೆನ್ ಎಂದಿತು. ಅಕ್ಕ ಅಂದಿನಿಂದ ದೇವಾಲಯದ ಮೆಟ್ಟಿಲು ಹತ್ತಲಿಲ್ಲ.

ತಂಗಿ ಮಾತ್ರ ಅದೇ ಯಂತ್ರದ ಮುಂದೆ ನಿಂತಳು. ಮನೆ ನಡೆಯಬೇಕಲ್ಲ! ಪ್ರತಿದಿನ ಬೆಳಗ್ಗೆ, ಉರುಳೆ ಕಾಯುವ ಹೊತ್ತಿನಲ್ಲಿ, ಅವಳು ಕಣ್ಣು ಮುಚ್ಚದೆಯೇ ಒಂದು ಮಾತು ಬೇಡಿಕೊಳ್ಳುತ್ತಿದ್ದಳು: ಇವತ್ತು ಒಂದು ದಿನ ಈ ಮನುಷ್ಯನನ್ನು ಶಪಿಸದೆ ಇರುವ ಶಕ್ತಿ ಕೊಡು. ನಾಳೆಯದನ್ನು ಅವಳು ಕೇಳುತ್ತಿರಲಿಲ್ಲ, ನಾಳೆಯ ಮಾತು ನಾಳೆಗೆ.

ಮದುವೆ ಗೊತ್ತಾಯಿತು. ಆ ಸಭೆಯ ರೂಢಿಯಂತೆ, ಮದುವೆಗೆ ಮುಂಚೆ ಮೂರು ಭಾನುವಾರ ಆರಾಧನೆಯಲ್ಲಿ ಪಾದ್ರಿಗಳು ಪ್ರಕಟಣೆ ಓದಬೇಕು: ಇಂಥವನಿಗೂ ಇಂಥವಳಿಗೂ ವಿವಾಹ ನಿಶ್ಚಯವಾಗಿದೆ, ಅಡ್ಡಿ ಇದ್ದವರು ಈಗಲೇ ಹೇಳಲಿ ಎಂದು. ಯಾರೂ ಏನೂ ಹೇಳುವುದಿಲ್ಲ; ಕೆಮ್ಮುವವರು ಕೆಮ್ಮುತ್ತಾರೆ, ಪಾದ್ರಿಗಳು ಹಾಳೆ ಮಗುಚುತ್ತಾರೆ. ಎರಡನೆಯ ಪ್ರಕಟಣೆಯ ದಿನ, ಒಬ್ಬರಿಗೊಬ್ಬರು ಸಮಾಧಾನದ ವಂದನೆ ಹೇಳುವ ಹೊತ್ತಿಗೆ, ಆಮೆನ್ ಹಿರಿಯರು ಬೆಂಚುಗಳ ನಡುವಿನಿಂದ ನಡೆದುಬಂದು ಗಾಜಿನವನ ಮುಂದೆ ಕೈಚಾಚಿ ನಿಂತರು. ಮುಂದಿನ ವಾರ ಅವರನ್ನು ಹಿರಿಯರ ಮುಖ್ಯಸ್ಥರೆಂದು ಸಾರುವುದಿತ್ತು, ಅಷ್ಟರೊಳಗೆ ಹಳೆಯ ಕಲೆ ತೊಳೆದುಹೋಗಬೇಕಿತ್ತು.

"ಹಳೇದನ್ನೆಲ್ಲ ಹೊಟ್ಟೆಗೆ ಹಾಕ್ಕೊಂಡಿದೀರಿ ತಾನೇ?" ಎಂದರು, ಕೊನೆಯ ಬೆಂಚಿಗೂ ಕೇಳುವಂತೆ.

ಗಾಜಿನವನ ಮುಖ ಅರಳಿತು. ಅಯ್ಯೋ, ಅರಳಬಾರದಿತ್ತು! ಅವನು ಎರಡೂ ಕೈಗಳಿಂದ ಆ ಕೈಯನ್ನು ಹಿಡಿದು, "ಹಾಕ್ಕೊಂಡಿದೀವಿ ದೊಡ್ಡವರೇ. ಅಕ್ಕನ ಪರವಾಗಿಯೂ ನಾನೇ ಹೇಳ್ತೀನಿ, ಎಲ್ಲಾ ಕ್ಷಮಿಸಿದೀವಿ" ಎಂದುಬಿಟ್ಟ.

"ಆಮೆನ್!" ಎಂದರು ಹಿರಿಯರು. ಸಭೆಯಲ್ಲಿ ಹಲವರು ಕಣ್ಣೊರೆಸಿಕೊಂಡರು. ತಿಪ್ಪೆ ಸಾರಿಸುವುದನ್ನು ನೋಡಿ ಇಷ್ಟೊಂದು ಜನ ಅತ್ತಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆರಾಧನೆ ಮುಗಿದು ಮೆಟ್ಟಿಲಿಳಿಯುವಾಗ ಅವಳು ಅವನನ್ನು ತಡೆದು ನಿಲ್ಲಿಸಿದಳು. ಮೈಯೆಲ್ಲ ಉರಿಯುತ್ತಿತ್ತು, ದನಿ ಮಾತ್ರ ತಣ್ಣಗಿತ್ತು.

"ಏನು ಮಾಡಿದ್ರಿ ಅಂತ ಗೊತ್ತಾ ನಿಮಗೆ?"

"ಯಾಕೆ? ದೇವರು ಮೆಚ್ಚೋದನ್ನೇ ಮಾಡಿದೆನಲ್ಲ. ಕ್ಷಮಿಸಬೇಕು ಅಂತ ತಾನೇ ನಾವು ಕಲಿತಿರೋದು?"

"ಕ್ಷಮಿಸಬೇಕು, ಇಲ್ಲ ಅಂದೋರು ಯಾರು? ಸುಟ್ಟಿದ್ದು ನಿಮ್ಮ ಕೈಯಾ?"

ಅವನು ತನ್ನ ಅಂಗೈಗಳನ್ನು ನೋಡಿಕೊಂಡ.

"ನಾನು ದಿನಾ ಬೆಳಗ್ಗೆ ಆ ಯಂತ್ರದ ಮುಂದೆ ನಿಂತು, ಇವತ್ತು ಒಂದು ದಿನ ಅವರನ್ನ ಶಪಿಸದೆ ಇರಿಸು ಅಂತ ಬೇಡ್ಕೋತೀನಿ. ಒಂದು ದಿನ ಗೆಲ್ತೀನಿ, ಒಂದು ದಿನ ಸೋಲ್ತೀನಿ. ಅಕ್ಕ ಎಲ್ಲಿವರೆಗೆ ಬಂದಿದಾಳೋ ಗೊತ್ತಿಲ್ಲ, ಕೇಳೋಕೆ ನನಗೇ ಧೈರ್ಯ ಸಾಲಲ್ಲ. ನೀವು ನೋಡಿದ್ರೆ ಪಕ್ಕದ ಮನೆ ಹೂವು ಕಿತ್ತು ಕೊಟ್ಟ ಹಾಗೆ ಅವಳ ಕ್ಷಮೆನ ಕಿತ್ತು ಕೊಟ್ಟುಬಿಟ್ರಿ!"

"ಜಗಳ ಬೇಡ ಅಂತ..." ಎಂದು ತೊದಲಿದ ಅವನು.

"ನಿಮಗೆ ಬೇಡ. ನಿಮ್ಮ ನೆಮ್ಮದಿಗೆ ಅಕ್ಕನ್ನ ಕೊಟ್ರಿ. ನಾಳೆ ನನ್ನನ್ನ ಯಾವುದಕ್ಕೆ ಕೊಡ್ತೀರೋ!" ಎಂದು ಅವಳು ಹಿಂದಿರುಗಿ ನೋಡದೆ ಹೊರಟುಹೋದಳು. ಪ್ರೀತಿಸಿದವನ ಮೇಲೆ ಬರುವ ಸಿಟ್ಟಿನಷ್ಟು ನೋವಿನ ಸಿಟ್ಟು ಈ ಲೋಕದಲ್ಲಿಲ್ಲ. ಬೈದವಳ ಕಣ್ಣೇ ಮೊದಲು ತುಂಬಿಬರುತ್ತದೆ.

ಮನೆಯಲ್ಲಿ ಅಕ್ಕ ಎಡಗೈಯಿಂದ ರವಿಕೆಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದಳು. ಇನ್ನೊಬ್ಬರು ಹಾಕಿದರೆ ಅವಳಿಗೆ ಸೇರದು. ತಂಗಿ ನಡೆದದ್ದನ್ನು ಹೇಳಿದಳು. ಅಕ್ಕ ಗುಂಡಿಯನ್ನು ಹಾಗೇ ಬಿಟ್ಟು ನಕ್ಕಳು.

"ಹಾಗಾದ್ರೆ ನಾನು ಕ್ಷಮಿಸಿಬಿಟ್ಟಿದೀನಿ ಅನ್ನು! ಯಾರಾದ್ರೂ ನನಗೂ ಒಂದು ಮಾತು ಹೇಳಿ ಕಳಿಸಬಾರದಿತ್ತಾ?"

ನಗು ನಡುವೆಯೇ ಮುರಿಯಿತು. ಸುಟ್ಟು ಮುದುಡಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳು ಬಿಕ್ಕಿಬಿಕ್ಕಿ ಅತ್ತಳು. ಆಸ್ಪತ್ರೆಯಲ್ಲೂ ಅಳದಿದ್ದವಳು!

"ಅವರು ಹಾಗೆ ಪ್ರಾರ್ಥನೆ ಮಾಡಿದ ದಿನವೇ ನಾನು ಎದ್ದು ಅಲ್ಲ ಅನ್ನಬೇಕಿತ್ತಕ್ಕ. ಪ್ರಾರ್ಥನೆ ಮಧ್ಯೆ ಹೇಗೆ ಏಳೋದು ಅಂತ ಸುಮ್ಮನಾದೆ" ಎಂದಳು ತಂಗಿ.

"ಯಾರೂ ಏಳಲ್ಲ ಅಂತ ಗೊತ್ತಿದ್ದೇ ಅವರು ಪ್ರಾರ್ಥನೆಯಲ್ಲಿ ಹೇಳಿದ್ದು, ಪುಟ್ಟಿ."

ಆ ಮಾತು ತಂಗಿಯ ಎದೆಯಲ್ಲಿ ನಾಟಿತು. ವಾರವಿಡೀ ಉರುಳೆಯ ಮುಂದೆ ನಿಂತು ಅವಳು ಆಲೋಚಿಸಿದಳು: ಕೀರ್ತನೆಯಲ್ಲಿ ಎಲ್ಲರೂ ಹಾಡುತ್ತಾರೆ, ಪ್ರಸಂಗದಲ್ಲಿ ಪಾದ್ರಿಗಳು ಮಾತಾಡುತ್ತಾರೆ, ಪ್ರಾರ್ಥನೆಯಲ್ಲಿ ಹಿರಿಯರು. ಇಡೀ ಆರಾಧನೆಯಲ್ಲಿ ಸಾಮಾನ್ಯಳಾದವಳು ಬಾಯಿ ಬಿಟ್ಟು ಅಲ್ಲ ಎನ್ನಬಹುದಾದ ಜಾಗ ಒಂದೇ ಒಂದು. ಅದು ಅವಳ ಸ್ವಂತ ಮದುವೆಯ ಪ್ರಕಟಣೆಯ ಕೊನೆಯಲ್ಲಿತ್ತು. ಅಲ್ಲಿ ಬಾಯಿ ಬಿಟ್ಟರೆ ಕಳೆದುಕೊಳ್ಳುವುದೇನೆಂದು ಅವಳಿಗೆ ಚೆನ್ನಾಗಿ ತಿಳಿದಿತ್ತು. ಗಾಜಿನವನು ಎರಡು ಸಲ ಲಾಂಡ್ರಿಯ ಬಾಗಿಲವರೆಗೆ ಬಂದು, ಒಳಗೆ ಬರಲಾರದೆ ಮರಳಿದ್ದನ್ನು ಅವಳು ಮಬ್ಬುಗಾಜಿನೊಳಗಿಂದ ಕಂಡಿದ್ದಳು. ಒರೆಸಲು ಕೈಯೆತ್ತಿ, ಕೈಯನ್ನು ಹಿಂದಕ್ಕೆ ತೆಗೆದುಕೊಂಡಿದ್ದಳು.

ಮೂರನೆಯ ಭಾನುವಾರ ದೇವಾಲಯ ಕಿಕ್ಕಿರಿದಿತ್ತು. ಆಮೆನ್ ಹಿರಿಯರು ಗಂಜಿ ಹಾಕಿದ ಬಿಳಿಯುಡುಪಿನಲ್ಲಿ ಮುಂದಿನ ಸಾಲಿನಲ್ಲಿದ್ದರು. ಅದಕ್ಕೆ ಇಸ್ತ್ರಿ ಹಾಕಿದವಳು ಅವಳೇ, ಒಂದು ಸುಕ್ಕೂ ಉಳಿಯದಂತೆ. ಪಾದ್ರಿಗಳು ಪ್ರಕಟಣೆ ಓದಿದರು. "ಅಡ್ಡಿ ಇದ್ದವರು ಈಗಲೇ ಹೇಳಲಿ" ಎಂದು, ಉತ್ತರಕ್ಕೂ ಕಾಯದೆ ಹಾಳೆ ಮಗುಚಲು ಬೆರಳು ಒದ್ದೆ ಮಾಡಿಕೊಂಡರು.

"ಅಯ್ಯನವರೇ, ನನಗೆ ಅಡ್ಡಿ ಇದೆ."

ಪಾದ್ರಿಗಳ ಕನ್ನಡಕ ಮೂಗಿನ ತುದಿಗೆ ಜಾರಿತು. "ಅಮ್ಮಾ... ಮದುಮಗಳು ನೀನೇ ಅಲ್ವಾ?"

"ನಾನೇ. ಮದುಮಗಳು ಅಡ್ಡಿ ಹೇಳಬಾರದು ಅಂತ ನಿಯಮ ಇದೆಯಾ?"

ಪಾದ್ರಿಗಳು ಯೋಚಿಸಿದರು. ಅಂಥ ನಿಯಮ ಬರೆಯಬೇಕೆಂದು ಈವರೆಗೆ ಯಾರಿಗೂ ಹೊಳೆದಿರಲಿಲ್ಲ. "ಹೇಳಮ್ಮ" ಎಂದರು.

ಅವಳು ಹೇಳಿದಳು. ಕಂಬಿಯ ಮಾತು ಹೇಳಿದಳು, ಬಿಚ್ಚಿಸಿದವರು ಯಾರೆಂದು ಹೇಳಿದಳು, ಬೇಡವೆಂದವಳು ಯಾರೆಂದು ಹೇಳಿದಳು. "ಆ ದಿನ ಇಲ್ಲಿ ದೇವರ ಹೆಸರಲ್ಲಿ ಒಂದು ಸುಳ್ಳು ಹೇಳಿದ್ರು, ನಾವೆಲ್ಲ ಆಮೆನ್ ಅಂದ್ವಿ. ಹೋದ ವಾರ ನನ್ನ ಅಕ್ಕ ಕೊಡದೇ ಇರೋ ಕ್ಷಮೆನ ನಾನು ಮದುವೆ ಆಗೋರು ಕೊಟ್ಟರು, ಅದಕ್ಕೂ ಆಮೆನ್ ಅಂದ್ವಿ. ನನ್ನ ಅಕ್ಕನ ನೋವನ್ನ ಕೇಳದೇ ದಾನ ಮಾಡೋರ ಜೊತೆ ನಾನು ಹೇಗೆ ಬಾಳ್ಲಿ, ಅಯ್ಯನವರೇ? ಇದೇ ನನ್ನ ಅಡ್ಡಿ."

"ಇದೇನು ಸಂತೆನಾ? ಆರಾಧನೆ ನಡೀತಾ ಇದೆ!" ಎಂದು ಆಮೆನ್ ಹಿರಿಯರು ಗುಡುಗಿ ಎದ್ದರು.

ಇಷ್ಟು ವರ್ಷ ಎಲ್ಲರ ಮನಸ್ಸನ್ನೂ ಸವರಿಕೊಂಡು ಬಂದಿದ್ದ ಪಾದ್ರಿಗಳು ಅಂದು, ಯಾಕೋ ಏನೋ, "ಕೂತ್ಕೊಳ್ಳಿ. ಅಡ್ಡಿ ಹೇಳುವಾಗ ಇನ್ನೊಬ್ಬರು ಬಾಯಿ ಹಾಕೋ ಹಾಗಿಲ್ಲ" ಎಂದರು. ತಮ್ಮ ದನಿಗೆ ತಾವೇ ಬೆಚ್ಚಿದಂತೆ ಕಂಡರು. ಬಳಿಕ ಗಾಜಿನವನ ಕಡೆ ತಿರುಗಿ, "ನೀವು ಏನು ಹೇಳ್ತೀರಪ್ಪ?" ಎಂದು ಕೇಳಿದರು.

ಅವನು ಎದ್ದು ನಿಂತ. ಜಗಳ ಕಂಡರೆ ಓಡುವ ಮನುಷ್ಯ. ಮುಂದಿನ ಬೆಂಚಿನ ಅಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡ. ಒಂದು ಸವಿಮಾತು ಹೇಳಿ, ಒಂದು ಕಣ್ಣೀರು ಹಾಕಿ, ಎಲ್ಲರನ್ನೂ ತನ್ನ ಪಕ್ಷಕ್ಕೆ ಎಳೆದುಕೊಳ್ಳಬಹುದಿತ್ತು... ಎಳೆದುಕೊಳ್ಳಲಿಲ್ಲ.

"ದೊಡ್ಡವರೇ, ಹೋದ ವಾರ ಅಕ್ಕನ ಪರವಾಗಿ ಕೊಟ್ಟ ಕ್ಷಮೆ ನನ್ನದಲ್ಲ. ಅದನ್ನ ವಾಪಸ್ ತಗೊಳ್ತಾ ಇದೀನಿ. ದೇವರ ಕಣ್ಣಿಗೆ ಒಳ್ಳೆಯವನಾಗಿ ಕಾಣೋ ಆತುರದಲ್ಲಿ ನಾನೂ ಇಲ್ಲಿ ನಿಂತು ಸುಳ್ಳೇ ಹೇಳಿದೆ." ಅವನು ಪಾದ್ರಿಗಳತ್ತ ತಿರುಗಿದ. "ಅವಳು ಹೇಳಿದ ಅಡ್ಡಿ ನ್ಯಾಯವಾದದ್ದು, ಅಯ್ಯನವರೇ. ಒಪ್ಪಿಕೊಳ್ಳಿ."

ಕೂತುಬಿಟ್ಟ. ಕೇಳಿದಿರಾ, ಸಹೃದಯರೇ? ತನ್ನ ಮದುವೆಗೆ ಬಂದ ಅಡ್ಡಿಯನ್ನು ತಾನೇ ಎತ್ತಿಹಿಡಿದು ಕೂತುಬಿಟ್ಟ! ಅವಳು ಅವನನ್ನೇ ನೋಡಿದಳು. ಆವಿಯ ಮಬ್ಬಿನಾಚೆಯಿಂದ ಮೊದಲ ಸಲ ಕಂಡಾಗಲೂ ಅವನು ಇಷ್ಟು ಚೆಲುವನಾಗಿ ಅವಳಿಗೆ ಕಂಡಿರಲಿಲ್ಲ. ಆದರೂ ಅವಳು ಅಡ್ಡಿಯನ್ನು ಹಿಂತೆಗೆದುಕೊಳ್ಳಲಿಲ್ಲ. ಅದು ಅವಳೊಬ್ಬಳದೇ ಆಗಿರಲಿಲ್ಲವಲ್ಲ.

ಪ್ರಕಟಣೆ ನಿಂತಿತು, ಅಡ್ಡಿ ನೀಗಿದರೆ ಮತ್ತೆ ಮೊದಲಿನಿಂದ ಓದಬೇಕು. ಮುಖ್ಯಸ್ಥರ ಪದವಿಯ ಮಾತೂ ನಿಂತಿತು. ಆರಾಧನೆಯ ಕೊನೆಗೆ, ಕರ್ತನ ಭೋಜನದ ಪವಿತ್ರ ರೊಟ್ಟಿ ಸ್ವೀಕರಿಸಲು ಆಮೆನ್ ಹಿರಿಯರು ಮೇಜಿನ ಮುಂದೆ ಬಂದಾಗ ಪಾದ್ರಿಗಳು ರೊಟ್ಟಿಯ ತಟ್ಟೆಯನ್ನು ಎದೆಗವಚಿಕೊಂಡು, ಅವರಿಗಷ್ಟೇ ಕೇಳುವಂತೆ, "ಮೊದಲು ಆ ಅಕ್ಕನ ಮನೆ ಬಾಗಿಲಿಗೆ ಹೋಗಿ ಬನ್ನಿ. ಆಮೇಲೆ ಈ ಮೇಜು" ಎಂದರು.

ಮರುದಿನ ಸಂಜೆ ಹಿರಿಯರು ಅಕ್ಕನ ಬಾಗಿಲಿಗೆ ಬಂದರು. ಮುಖ ಸಿಂಡರಿಸಿಕೊಂಡೇ, "ಮನುಷ್ಯ ಅಂದ ಮೇಲೆ ತಪ್ಪು ಆಗುತ್ತಮ್ಮ" ಎಂದು ಶುರುಮಾಡಿದರು.

ಅಕ್ಕ ಹೊಸ್ತಿಲಲ್ಲೇ ನಿಂತು, "ಕಂಬಿ ವಾಪಸ್ ಹಾಕ್ಸಿದ್ರಾ?" ಎಂದು ಕೇಳಿದಳು.

"...ಇಲ್ಲ."

"ಅಲ್ಲಿ ನನ್ನ ತಂಗಿ ನಿಂತಿರ್ತಾಳೆ. ಹಾಕ್ಸಿ ಬನ್ನಿ" ಎಂದು ಅವಳು ಕದ ಹಾಕಿಕೊಂಡಳು.

ಅವರು ಕೆಂಡಾಮಂಡಲವಾಗಿ ಹೋದರು. ಹಲವು ದಿನ ಬರಲೇ ಇಲ್ಲ. ಕೊನೆಗೊಂದು ಬೆಳಗ್ಗೆ ಉರುಳೆಯ ಬಾಯಿಗೆ ಹೊಸ ಕಂಬಿ ಕೂತಿತು. ಸಂಜೆ ಅವರು ಮತ್ತೆ ಬಂದರು. ಈ ಸಲ ಕಣ್ಣು ತೆರೆದುಕೊಂಡೇ ಹೇಳಿದರು: "ಬಿಚ್ಚಿಸಿದ್ದು ನಾನು. ನೀನು ಬೇಡ ಅಂದಿದ್ದೆ. ದೇವರ ಮುಂದೆ ನಿನ್ನ ಮೇಲೆ ಹೊರಿಸಿದೆ. ಭಾನುವಾರ ಎಲ್ಲರ ಮುಂದೆ ಇದನ್ನೇ ಹೇಳ್ತೀನಿ." ಆಮೆನ್ ಎನ್ನಲಿಲ್ಲ. ಅಷ್ಟು ಮೆಲ್ಲಗೆ ಮಾತಾಡುವುದು ಅವರಿಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು!

ಅಕ್ಕ ಕದವನ್ನು ಪೂರ್ತಿ ತೆರೆದಳು. ಆಮೇಲೆ ಎಡಗೈಯಿಂದ ಕುರ್ಚಿ ಎಳೆದು ಅವರ ಮುಂದಿಟ್ಟಳು. "ಕೂತ್ಕೊಳ್ಳಿ. ಒಂದೇ ದಿನಕ್ಕೆ ಆಗಲ್ಲ ನನ್ನ ಕೈಲಿ. ಇವತ್ತಿಗೆ ಕೂತ್ಕೊಳ್ಳಿ ಅನ್ನೋವಷ್ಟು ಆಗಿದೆ. ನಾಳೆ ಬನ್ನಿ, ನಾಳೆ ಎಷ್ಟಾಗುತ್ತೋ ನೋಡೋಣ."

ಅವರು ಮರುದಿನ ಬಂದರು. ಅದರ ಮರುದಿನವೂ ಬಂದರು.

ತಂಗಿ ಗಾಜಿನವನ ಅಂಗಡಿಗೆ ಹೋದದ್ದು ಆ ವಾರವೇ. ಅವನು ಗಾಜಿನ ಮೇಲೆ ಗೀರು ಎಳೆಯುತ್ತಿದ್ದ. ಅವಳನ್ನು ಕಂಡು ಕೈ ತಡೆದ. "ಅಕ್ಕ ಕ್ಷಮಿಸಿದ್ರಾ?" ಎಂದ.

"ಪೂರ್ತಿ ಇಲ್ಲ. ದಿನಾ ಸ್ವಲ್ಪ ಸ್ವಲ್ಪ."

"ನೀನು, ನನ್ನನ್ನ?"

"ಇವತ್ತಿನದು ಆಗಿದೆ" ಎಂದಳು ಅವಳು, ಅಳುತ್ತ, ನಗುತ್ತ. "ಅಯ್ಯನವರಿಗೆ ಮೊದಲಿನಿಂದ ಓದೋಕೆ ಹೇಳೋಣ ನಡೀರಿ. ನಾಳೇದನ್ನ ನಾಳೆ ಬೆಳಗ್ಗೆ ಎದ್ದು ಬೇಡ್ಕೋತೀನಿ."

ನನ್ನ ಕೋಪ ಇಲ್ಲಿಗೆ ಇಳಿಯಿತೇ ಎಂದು ಕೇಳುವಿರಾ? ಪೂರ್ತಿ ಇಳಿದಿಲ್ಲ, ಇಳಿಯಲೂ ಬಾರದು. ಆ ಕೈ ಹಾಗೇ ಇದೆ. ಆದರೂ ಅವರನ್ನು ನೆನೆದಾಗ ಒಂದು ಮಾತು ಮನದಲ್ಲಿ ನೆಲೆಯಾಗುತ್ತದೆ. ಪ್ರೇಮವಾಗಲಿ ಕ್ಷಮೆಯಾಗಲಿ ಭಕ್ತಿಯಾಗಲಿ, ಒಮ್ಮೆ ಆಡಿ ಮುಗಿಸುವ ಮಾತಲ್ಲ... ಅದು ಬೆಳಗಾಗುತ್ತಲೇ ಹೊಸದಾಗಿ ಹಸಿಯುವ ಹಸಿವು. ಅದಕ್ಕೆ ನಿನ್ನೆಯ ಅನ್ನ ಸಾಲದು, ಇನ್ನೊಬ್ಬರು ಉಂಡರೂ ತೀರದು. ಪ್ರತಿಯೊಂದು ಹೃದಯವೂ ತನ್ನ ತುತ್ತನ್ನು ತಾನೇ, ತನ್ನ ಹೊತ್ತಿಗೆ, ತನ್ನ ಕೈಯಿಂದಲೇ ಎತ್ತಬೇಕು. ಹಾಗೆ ಎತ್ತುವ ಕೈ ಸುಟ್ಟದ್ದಾಗಿರಲಿ, ನಡುಗುವುದಾಗಿರಲಿ, ಅದನ್ನು ಕಾಯುವಷ್ಟು ತಾಳ್ಮೆ ದೇವರಿಗಿದೆ, ನಮಗೂ ಇರಲಿ.